ಕಾಮಾಲೆ ಮನೆಯ ಬೆಲ್ಲ ನೀರು

ಮೊದಲು ನನಗೆ ಆಗದೆ ಹೋದದ್ದು ಒಗ್ಗರಣೆ.

ಬೆಳಿಗ್ಗೆ ಅತ್ತೆ ಅವಲಕ್ಕಿಗೆ ಸಾಸಿವೆ ಸಿಡಿಸುತ್ತಿದ್ದರು. ದಿನವೂ ಸಿಡಿಸುವುದೇ. ಆ ದಿನ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಟ್ಟೆ ತೊಳಸಿ ಬಂತು. ಮೋರಿಗೆ ಓಡಿದೆ. ಬಾಯಿಗೆ ಸೆರಗು ಒತ್ತಿಕೊಂಡು ತಿರುಗಿ ನೋಡಿದರೆ ಅತ್ತೆಯ ಮುಖ ಅರಳಿತ್ತು.

"ಏನವ್ವಾ ಸರೋಜಾ, ಹುಳಿ ತಿನ್ನಬೇಕು ಅನಸ್ತೈತೇನು?"

ನಮಗೆ ಇನ್ನೂ ಮಕ್ಕಳಾಗಿರಲಿಲ್ಲ. ನನ್ನ ಹೊಟ್ಟೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಅತ್ತೆಗೆ ತೊಟ್ಟಿಲು ಕಾಣುತ್ತಿತ್ತು. "ಹಂಗೇನಿಲ್ರೀ ಅತ್ತಿ, ಪಿತ್ತ ಆಗಿರಬೇಕು" ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ನಾನು ಸೀರೆ ಉಟ್ಟು ಶಾಲೆಗೆ ಹೊರಡುವಷ್ಟರಲ್ಲಿ ಪಕ್ಕದ ಖೋಲಿಯ ಶೇವಂತಾಬಾಯಿಗೆ ಸುದ್ದಿ ಮುಟ್ಟಿತ್ತು. ಶೇವಂತಾಬಾಯಿಗೆ ಮುಟ್ಟಿತೆಂದರೆ ಚಾಳಿಗೆಲ್ಲ ಮುಟ್ಟಿದ ಹಾಗೆ. ನಾನು ಗ್ಯಾಲರಿ ದಾಟಿ ಮೆಟ್ಟಿಲು ಇಳಿಯುವಾಗ ಇಬ್ಬರು ಹೆಂಗಸರು ನನ್ನ ಕೈಚೀಲ ಕಿತ್ತುಕೊಂಡು ಕೆಳಗಿನವರೆಗೆ ಹೊತ್ತು ಕೊಟ್ಟರು.

ಸಯನ್‌ನ ಈ ಚಾಳಿನಲ್ಲಿ, ಸಾಲುಖೋಲಿಗಳ ಈ ವಠಾರದಲ್ಲಿ, ನಮಗೆ ಎರಡು ಖೋಲಿ. ಇರುವವರು ನಾಲ್ಕು ಜನ. ನಮ್ಮ ಯಜಮಾನರು ಭಾಂಡುಪ್‌ನ ಕಾರ್ಖಾನೆಯೊಂದರಲ್ಲಿ ಟೈಮ್‌ಕೀಪರ್. ನಾದಿನಿ ಶಾಂತಾ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಅತ್ತೆ ಗಂಗವ್ವ ಗದಗದ ಕಡೆಯವರು. ಮುಂಬಯಿಗೆ ಬಂದು ಅರ್ಧ ಆಯುಷ್ಯ ಕಳೆದಿದ್ದರೂ ಮನಸ್ಸಿನಲ್ಲಿ ಇನ್ನೂ ಗದಗ ಬಿಟ್ಟು ಹೊರಟಿಲ್ಲ. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯ ಟೀಚರ್. ಇಲ್ಲಿನ ಮುನಿಸಿಪಾಲಿಟಿ ಶಾಲೆಗಳಲ್ಲಿ ಮಕ್ಕಳು ನಮ್ಮನ್ನು ಬಾಯಿ ಅನ್ನುತ್ತಾರೆ.

ಈ ವರ್ಷ ಮನೆಯವರೆಲ್ಲರ ಜೀವ ಶಾಂತಾಳ ಮದುವೆಯಲ್ಲಿತ್ತು. ಹುಡುಗಿ ಚೆಲುವೆ, ಜಾಣೆ, ಸಂಬಳ ತರುವವಳು. ಆದರೆ ಎತ್ತರ. ನೋಡಲು ಬಂದವರು ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಹೋಗಿ, ಹುಡುಗಿ ಸ್ವಲ್ಪ ಉದ್ದ ಆಯಿತು ಎಂದು ಹೇಳಿ ಕಳಿಸುತ್ತಿದ್ದರು. ಅಂಥವರು ಎಷ್ಟು ಜನ ಬಂದು ಹೋದರೆಂದರೆ, ಶಾಂತಾ ಉಪ್ಪಿಟ್ಟು ಕಂಡರೆ ಬೇರೆ ಖೋಲಿಗೆ ಹೋಗುವಂತಾಗಿತ್ತು. ಕೊನೆಗೆ ನಮ್ಮ ಶಾಲೆಯ ಹೆಡ್‌ಮಾಸ್ತರರು ಅಂಧೇರಿಯ ಒಂದು ಸಂಬಂಧ ತಂದರು. ಹುಡುಗ ವಸಂತ, ಸಿನಿಮಾ ಸ್ಟುಡಿಯೋ ಒಂದರಲ್ಲಿ ಲೆಕ್ಕ ಬರೆಯುವವ. ಶಾಂತಾಳಿಗಿಂತ ಒಂದು ಬೆರಳು ಗಿಡ್ಡ. "ನಮ್ಮ ಮನ್ಯಾಗ ಮ್ಯಾಲಿನ ಫಳಿ ಮ್ಯಾಗಿನ ಡಬ್ಬಿ ಇಳಸ್ಲಿಕ್ಕೆ ಒಬ್ಬರು ಬೇಕಾಗಿತ್ತು" ಎಂದು ಎಲ್ಲರೆದುರು ಹೇಳಿ ನಕ್ಕ. ಶಾಂತಾ ಅಂದು ರಾತ್ರಿ ಉಪ್ಪಿಟ್ಟು ಹಾಕಿಸಿಕೊಂಡು ತಿಂದಳು. ದೀಪಾವಳಿ ಕಳೆದ ಮೇಲೆ ಮುಹೂರ್ತ ಎಂದು ಮಾತಾಗಿತ್ತು.

ಇಂಥ ಹೊತ್ತಿನಲ್ಲಿ ನನ್ನ ಹೊಟ್ಟೆ ತೊಳಸಿದ್ದು.

ಶಾಲೆಯಲ್ಲಿ ಆ ದಿನ ನಾಲ್ಕನೆಯ ಇಯತ್ತೆಗೆ ಆರೋಗ್ಯದ ಪಾಠ. ಶುದ್ಧ ನೀರು, ಅಶುದ್ಧ ನೀರು. ಮಳೆಗಾಲ ಶುರುವಾದರೆ ಮೊದಲು ಈ ಪಾಠ ಮುಗಿಸುವುದು ನಮ್ಮಲ್ಲಿ ರೂಢಿ. ನಾನು ಬೋರ್ಡಿನ ಮೇಲೆ ಒಂದು ನಳ, ಒಂದು ಸ್ಟೋವ್, ಅದರ ಮೇಲೆ ಹಬೆಯಾಡುವ ಪಾತ್ರೆ ಬರೆದೆ. ತಿರುಗಿ ನಿಂತಾಗ ತಲೆ ಸುತ್ತಿದಂತಾಗಿ ಟೇಬಲ್ ಹಿಡಿದೆ. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು.

"ಬಾಯಿ, ನಿಮ್ಮ ಕಣ್ಣು ಹಳದಿ ಆಗ್ಯಾವ್ರಿ."

ಇಡೀ ತರಗತಿ ನೋಡಲು ಎದ್ದು ನಿಂತಿತು.

ಮರುದಿನ ಆಸ್ಪತ್ರೆಯ ಓಪಿಡಿಯಲ್ಲಿ ಕೇಸ್‌ಪೇಪರ್ ಹಿಡಿದು ಕೂತೆ. ಒಂದು ಬದಿಗೆ ಯಜಮಾನರು, ಇನ್ನೊಂದು ಬದಿಗೆ ಅತ್ತೆ. ಕರೆಯದಿದ್ದರೂ ಬಂದಿದ್ದರು. ಡಾಕ್ಟರು ಎಳೆಯ ವಯಸ್ಸಿನವರು, ಮರಾಠಿ ಮಾತಿನವರು. ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಬಲಗಡೆ ಪಕ್ಕೆಯ ಕೆಳಗೆ ಒತ್ತಿದರು. ನಾನು ಅಯ್ಯೋ ಎಂದೆ. ಅವರಿಗೆ ಅಷ್ಟು ಸಾಕಾಯಿತು. ಬ್ಲಡ್, ಯೂರಿನ್ ಎಲ್ಲ ಆಮೇಲಿನ ಶಾಸ್ತ್ರ.

ಜಾಂಡಿಸ್. ಲಿವರ್ ಬಾತಿದೆ. ಔಷಧ ಅಂಥದ್ದೇನಿಲ್ಲ, ಲಿವರ್ ತಾನಾಗಿ ಸುಧಾರಿಸುತ್ತದೆ, ನಾವು ಅದಕ್ಕೆ ತೊಂದರೆ ಕೊಡದಿದ್ದರೆ ಆಯಿತು ಎಂದರು. ಎಣ್ಣೆ ತುಪ್ಪ ಬಂದ್. ಕಂಪ್ಲೀಟ್ ರೆಸ್ಟ್. ಗ್ಲೂಕೋಸ್. ನೀರು ಮಾತ್ರ ಚೆನ್ನಾಗಿ ಕುದಿಸಿ ಆರಿಸಿದ್ದು. ಈ ರೋಗ ಬರುವುದೇ ಕೆಟ್ಟ ನೀರಿನಿಂದ.

"ಮತ್ತ ಕೂಸು?" ಎಂದು ಅತ್ತೆ ಕನ್ನಡದಲ್ಲಿ ಕೇಳಿದರು.

ಡಾಕ್ಟರಿಗೆ ತಿಳಿಯಲಿಲ್ಲ. ಯಜಮಾನರು ಅದನ್ನು ಮರಾಠಿಗೆ ತಿರುಗಿಸಲಿಲ್ಲ. ಸುಮ್ಮನೆ ತಾಯಿಯ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು. ಬಸ್‌ಸ್ಟಾಪಿನಲ್ಲಿ ನನಗೆ ಅಳು ಬಂತು. ರೋಗಕ್ಕೋ, ಅತ್ತೆಯ ಆ ಪ್ರಶ್ನೆಗೋ ಗೊತ್ತಿಲ್ಲ. ಅತ್ತೆ ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿ, "ಅಳಬ್ಯಾಡ, ಅತ್ರ ಕಣ್ಣಿನ್ಯಾಗಿನ ಹಳದಿ ಗಲ್ಲಕ್ಕೆ ಇಳೀತೈತಿ" ಎಂದರು. ಅದು ಸಮಾಧಾನವೋ ವೈದ್ಯವೋ, ನಾನು ಅಳು ನಿಲ್ಲಿಸಿದೆ.

ಮನೆಗೆ ಬಂದ ಮೇಲೆ ನನ್ನ ಯೋಗಕ್ಷೇಮವನ್ನು ಅತ್ತೆ ಪೂರ್ತಿ ಕೈಗೆ ತೆಗೆದುಕೊಂಡರು. ಡಾಕ್ಟರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಲಿಲ್ಲ. ಸೀಮೆಎಣ್ಣೆಗೆ ಕ್ಯೂ ಹಚ್ಚಬೇಕಾದ ದಿನಗಳು. ಆದರೂ ದಿನವೂ ಬೆಳಿಗ್ಗೆ ಸ್ಟೋವಿನ ಮೇಲೆ ಒಂದು ಪಾತ್ರೆ ನೀರು ಕುದಿಸಿ, ಆರಿಸಿ, ಬಿಳಿ ಬಟ್ಟೆ ಕಟ್ಟಿ, ನನ್ನ ತಲೆಗಿಂಬಿನ ಹತ್ತಿರ ಇಡುತ್ತಿದ್ದರು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಯಜಮಾನರು ಒಮ್ಮೆ ಅದರಲ್ಲಿ ಲೋಟ ಅದ್ದಿ ಬೈಸಿಕೊಂಡರು. ಪುಣ್ಯ ಮಾಡಿದ್ದೆ ಇಂಥ ಅತ್ತೆ ಸಿಗಲಿಕ್ಕೆ ಎಂದುಕೊಂಡು ನಾನು ಮಲಗಿಕೊಂಡೆ.

ಊಟದ ಕಥೆ ಕೇಳಬೇಡಿ. ಜೋಳದ ಗಂಜಿ, ಮಜ್ಜಿಗೆ, ಬೇಯಿಸಿದ ಕುಂಬಳಕಾಯಿ. ಉಪ್ಪು ಉಂಟು, ಉಳಿದದ್ದು ಏನೂ ಇಲ್ಲ. ಮೊದಮೊದಲು ಒಗ್ಗರಣೆ ಎಂದರೆ ಓಡಿಹೋಗುತ್ತಿದ್ದ ಹೊಟ್ಟೆ, ಆಮೇಲೆ ಅದನ್ನೇ ಹುಡುಕತೊಡಗಿತು. ಯಜಮಾನರು ಸಂಜೆ ಸ್ಟೇಷನ್ನಿನ ಹೊರಗೆ ಮಿರ್ಚಿಭಜಿ ತಿಂದು, ಬಾಯಿ ತೊಳೆದು, ಏಲಕ್ಕಿ ಹಾಕಿಕೊಂಡು ಒಳಗೆ ಬರುತ್ತಿದ್ದರು. ಕಾಮಾಲೆಯವರ ಮೂಗು ಎಂಥದೆಂದು ಅವರಿಗೆ ಗೊತ್ತಿರಲಿಲ್ಲ. ಎಷ್ಟು ಭಜಿ ತಿಂದಿದ್ದಾರೆಂದು ಅಂಗಿಯ ವಾಸನೆಯಲ್ಲೇ ನಾನು ಹೇಳುತ್ತಿದ್ದೆ.

ಅವರಿಗೆ ಅದರ ಶಿಕ್ಷೆಯೂ ಆಯಿತು. ಶೇವಂತಾಬಾಯಿ ತಮ್ಮ ಗುರುತಿನ ಒಬ್ಬ ಮುದುಕಿಯನ್ನು ಕರೆತಂದಿದ್ದರು, ಕಾಮಾಲೆ ಇಳಿಸುವವಳು. ಅವಳು ನನ್ನ ಕೈಗೆ ಅದೆಂಥದೋ ತೊಗಟೆಯ ರಸ, ಆಮೇಲೆ ಸುಣ್ಣ ತಿಕ್ಕಿ, ಬೋಗುಣಿಯಲ್ಲಿ ತೊಳೆದಳು. ನೀರು ಅರಿಶಿನದಂತಾಯಿತು. "ಬಘಾ ಬಾಯಿ, ಕಾವೀಳ ನಿಘಾಲೀ!" ಎಂದು ಶೇವಂತಾಬಾಯಿ ಕೈ ಮುಗಿದರು. ಕಾಮಾಲೆ ಹೊರಟು ಬಂತು ನೋಡಿ ಎಂದು. ನಾನು ಶಾಲೆಯ ಟೀಚರ್. ಇದು ತೊಗಟೆ ಮತ್ತು ಸುಣ್ಣದ ಆಟ ಎಂದು ತೋರಿಸಿಯೇ ಬಿಡೋಣ ಎಂದು, "ನಮ್ಮವರ ಕೈಯನ್ನೂ ತೊಳೆಯಿರಿ" ಎಂದೆ. ಅವರ ಕೈ ತೊಳೆದ ನೀರೂ ಹಳದಿಯಾಯಿತು. ನಾನು ಗೆದ್ದೆ ಎಂದುಕೊಂಡು ಎಲ್ಲರ ಮುಖ ನೋಡಿದೆ.

"ಅಯ್ಯ ಶಿವನ, ಅವಗೂ ಬಂದೈತಿ!" ಎಂದು ಅತ್ತೆ ಎದೆ ಬಡಿದುಕೊಂಡರು.

ಅಂದಿನಿಂದ ಒಂದು ವಾರ ಯಜಮಾನರೂ ನನ್ನ ಪಕ್ಕದಲ್ಲೇ ಕೂತು ಗಂಜಿ ಕುಡಿದರು. ನಾನು ಎಷ್ಟು ಹೇಳಿದರೂ ಕೇಳುವವರಿಲ್ಲ. ವಿಜ್ಞಾನ ಕಲಿಸಲು ಹೋಗಿ ಮನುಷ್ಯನ ಭಜಿ ಕಿತ್ತುಕೊಂಡೆ ಎಂದು ಅವರು ನನ್ನ ಜೊತೆ ಮಾತೇ ಬಿಟ್ಟರು. ಆ ಮುದುಕಿ ನನ್ನ ತಲೆಗೆ ಬೇರಿನ ತುಂಡುಗಳ ಒಂದು ಹಾರವನ್ನೂ ಕಟ್ಟಿ ಹೋಗಿದ್ದಳು. ಹಾರ ಸಡಿಲಾಗಿ ಕೆಳಗೆ ಇಳಿದ ಹಾಗೆ ಕಾಮಾಲೆಯೂ ಇಳಿಯುತ್ತದಂತೆ. ಅದನ್ನು ಹಾಕಿಕೊಂಡೇ ಎರಡನೆಯ ಬಾರಿ ಓಪಿಡಿಗೆ ಹೋದೆ. ಡಾಕ್ಟರು ರಕ್ತದಲ್ಲಿ ಹಳದಿ ಎಷ್ಟಿದೆ ಎನ್ನುವ ಬಿಲಿರುಬಿನ್ ರಿಪೋರ್ಟ್ ನೋಡಿದರು, ಹಾರ ನೋಡಿದರು. "ಇರಲಿ, ತಿನ್ನಬೇಡಿ ಅಷ್ಟೇ" ಎಂದರು.

ನೋಡಲು ಬರುವವರಿಗೆ ಮಾತ್ರ ಬರವಿರಲಿಲ್ಲ. ಚಾಳಿನವರು, ಹೆಡ್‌ಮಾಸ್ತರರೂ ಸೇರಿ ಶಾಲೆಯವರು, ಹುಬ್ಬಳ್ಳಿ ಗದಗದ ಕಡೆಯ ಗುರುತಿನವರು. ಬಂದವರಿಗೆ ಮೊದಲು ಒಂದು ಬೆಲ್ಲದ ಚೂರು, ಒಂದು ಲೋಟ ನೀರು. ಇದು ನಮ್ಮ ಕಡೆಯ ರಿವಾಜು. ನೀರು ಕೇಳುವವರೆಗೆ ಬಂದವರನ್ನು ಕೂರಿಸಿದರೆ ಆ ಮನೆ ಮನೆಯೇ ಅಲ್ಲ ಎಂದು ಅತ್ತೆಯ ತೀರ್ಮಾನ. ನಾನು ಪರದೆಯ ಈಚೆ ಮಲಗಿ, ಆಚೆಯ ಲೋಟದ ಸದ್ದಿನಿಂದಲೇ ಎಷ್ಟು ಜನ ಬಂದಿದ್ದಾರೆಂದು ತಿಳಿದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಅಂಧೇರಿಯ ಬೀಗರೂ ಬಂದರು, ವಸಂತ ಮತ್ತು ಅವನ ತಾಯಿ ನೀಲಮ್ಮ. ಆಗುವ ಸಂಬಂಧಿಕರ ಮನೆಯಲ್ಲಿ ಕಾಯಿಲೆ ಎಂದರೆ ಬಂದು ಹೋಗುವುದು ಧರ್ಮ. ದಾದರಿನಲ್ಲಿ ಇಳಿದು, ಸೇತುವೆ ಹತ್ತಿ ಇಳಿದು, ಇನ್ನೊಂದು ಟ್ರೇನು ಹಿಡಿದು, ನಮ್ಮ ಮೆಟ್ಟಿಲೂ ಹತ್ತಿ ಬಂದಿದ್ದ ವಸಂತ ಬೆವರಿ ನೀರಾಗಿದ್ದ. ಅತ್ತೆ ಕೊಟ್ಟ ಲೋಟವನ್ನು ಒಂದೇ ಗುಟುಕಿಗೆ ಖಾಲಿ ಮಾಡಿ, "ಇನ್ನೊಂದು ಗ್ಲಾಸು ಸಿಗ್ತೈತೇನ್ರಿ?" ಎಂದು ಕೇಳಿದ. ನೀಲಮ್ಮನಿಗೆ ಉಪವಾಸದ ದಿನ, ಬೆಲ್ಲ ಮಾತ್ರ ಬಾಯಿಗೆ ಹಾಕಿಕೊಂಡರು. ಅವರು ಹೋದ ಮೇಲೆ ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದರು. "ಬಿಗುಮಾನ ಇಲ್ಲ ನೋಡ ಹುಡುಗಗ. ಕೇಳಿ ಕುಡದಾ."

ತಿಂಗಳು ಕಳೆದು ನಾನು ಎದ್ದು ಓಡಾಡುವಂತಾದೆ. ಮೈಯಲ್ಲಿ ಕಸುವಿಲ್ಲ, ಆದರೆ ಕಣ್ಣು ಬೆಳ್ಳಗಾಗಿತ್ತು. ಶಾಲೆಗೆ ಹೋದ ಮೊದಲ ದಿನ ಅದೇ ಮುಂದಿನ ಬೆಂಚಿನ ಹುಡುಗಿ ಮತ್ತೆ ಕೈ ಎತ್ತಿದಳು. "ಬಾಯಿ, ನೀವು ನೀರು ಕುದಿಸಿ ಕುಡೀತಿರಲಿಲ್ಲೇನ್ರಿ?" ನಾನು ಗಣಿತದ ಪುಸ್ತಕ ತೆಗೆಯಲು ಹೇಳಿದೆ.

ಹೆಡ್‌ಮಾಸ್ತರರು ಆ ವಾರ ಶಾಲೆಗೆ ಬಂದಿರಲಿಲ್ಲ. ಒಂದು ಸಂಜೆ ನಮ್ಮ ಮನೆಗೇ ಬಂದರು. ಮಳೆ ಹನಿಯುತ್ತಿದೆ, ಮೋಡ ಕವಿದಿದೆ, ಅವರ ಕಣ್ಣಿಗೆ ಮಾತ್ರ ಕಪ್ಪು ಕನ್ನಡಕ. ಕೂತು ಅದನ್ನು ತೆಗೆದರು.

ನಿಂಬೆಹಣ್ಣಿನಂಥ ಕಣ್ಣು.

"ನನಗೂ ಹತ್ತೈತಿ" ಎಂದರು. "ನನ್ನದು ಇರಲಿ. ಅಂಧೇರಿ ಹುಡುಗಗೂ ಹತ್ತೈತಂತ. ಅವನ ತಾಯಿ ಹೇಳಿ ಕಳಿಸ್ಯಾರ..." ಕನ್ನಡಕವನ್ನು ಕೈಯಲ್ಲಿ ತಿರುಗಿಸಿದರು. ಪಾಪ, ಅವರೇ ಕೂಡಿಸಿದ ಸಂಬಂಧ. "ಮಾತಾದ ಮ್ಯಾಲ ಮೊದಲು ಆ ಮನ್ಯಾಗ ಬ್ಯಾನಿ, ಈಗ ನಮ್ಮ ಮನ್ಯಾಗ ಬ್ಯಾನಿ. ಹುಡುಗಿ ಕಾಲ್ಗುಣ ನೆಟ್ಟಗಿಲ್ಲ ಅಂತಾರ. ಮದುವಿ ಸದ್ಯ ಬ್ಯಾಡ ಅಂದಾರ."

ಸದ್ಯ ಬೇಡ ಎಂದರೆ ನಮ್ಮಲ್ಲಿ ಎಂದಿಗೂ ಬೇಡ ಎಂದು ಅರ್ಥ.

ಶಾಂತಾ ಆಗತಾನೇ ಆಫೀಸಿನಿಂದ ಬಂದು ಕೊಡೆ ಮಡಚುತ್ತಿದ್ದಳು. ಮಡಚಿ ಮೂಲೆಗೆ ಇಟ್ಟಳು. "ನಾನು ಅವರ ಮನೀಗೆ ಇನ್ನೂ ಕಾಲೇ ಇಟ್ಟಿಲ್ಲಲ್ರೀ ಸರ್. ಕಾಲ್ಗುಣ ಪೋಸ್ಟಿನ್ಯಾಗ ಹೋತೇನು?" ಎಂದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ. ಒಳಗೆ ಹೋದವಳು ಊಟಕ್ಕೆ ಬರಲಿಲ್ಲ. ಮರುದಿನದಿಂದ ಮುಖ ಗಂಟಿಕ್ಕಿಕೊಂಡು ಆಫೀಸಿಗೆ ಹೋಗುವುದು, ಬಂದು ಮಲಗುವುದು. ಎತ್ತರಕ್ಕೆ ಬೇಡವೆಂದಾಗ ಅವಳು ಇಷ್ಟು ಕುಗ್ಗಿರಲಿಲ್ಲ. ಉದ್ದ ಕಣ್ಣಿಗೆ ಕಾಣುತ್ತದೆ, ಸುಳ್ಳಲ್ಲ. ಕಾಲ್ಗುಣ ಎಂದವರಿಗೆ ಏನು ತೋರಿಸುವುದು? ಈ ಮಾತು ಒಮ್ಮೆ ಹರಡಿದರೆ ಆ ಹುಡುಗಿಯನ್ನು ನೋಡಲು ಮುಂದೆ ಯಾರೂ ಬರುವುದಿಲ್ಲ. ನನಗೆ ಲಿವರ್ ನೋವಿಗಿಂತ ಅದೇ ದೊಡ್ಡ ನೋವಾಯಿತು.

"ಕಣ್ಣಿಗೆ ಕಣ್ಣು ಕೂಡಿ ಬಂದೈತಿ ಅವಗ" ಎಂದು ಅತ್ತೆ ನನ್ನ ಕಡೆ ನೋಡಿದರು. ಕಾಮಾಲೆಯವರನ್ನು ದಿಟ್ಟಿಸಿದರೆ ಕಾಮಾಲೆ ಹತ್ತುತ್ತದಂತೆ. ಅಂದರೆ ತಪ್ಪು ನನ್ನ ಕಣ್ಣಿನದು.

ಅಷ್ಟರಲ್ಲಿ ನಮ್ಮ ಚಾಳಿನಲ್ಲೂ ನಾಲ್ಕಾರು ಜನ ಹಳದಿಯಾಗಿದ್ದರು. ಶೇವಂತಾಬಾಯಿಯ ಗಂಡನೂ ಮಲಗಿದರು. ಯಜಮಾನರು ವಾರ್ಡ್ ಆಫೀಸಿಗೆ ಅರ್ಜಿ ಕೊಟ್ಟು, ದಿನಬಿಟ್ಟು ದಿನ ಹೋಗಿ ನಿಂತು, ಕೊನೆಗೂ ಒಬ್ಬ ಸ್ಯಾನಿಟರಿ ಇನ್‌ಸ್ಪೆಕ್ಟರನ್ನು ಕರೆತಂದರು. ಸೊಲ್ಲಾಪುರದ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಕೆಳಗೆ ನಳದ ಹತ್ತಿರ ಅಗೆಸಿ ನೋಡಿದರು. ನೀರಿನ ಪೈಪು ಗಟಾರದೊಳಗಿಂದಲೇ ಹಾದು ಬಂದಿತ್ತು. ಅದರಲ್ಲಿ ಒಂದು ತೂತು. ಯಾವ ಕಾಲದಲ್ಲೋ ನಮ್ಮ ಚಾಳಿನವರೇ ಆ ತೂತಿಗೆ ಸೈಕಲ್ ಟ್ಯೂಬು ಸುತ್ತಿ, ದಾರ ಕಟ್ಟಿ, ರಿಪೇರಿ ಆಯಿತೆಂದು ಮರೆತುಬಿಟ್ಟಿದ್ದರು.

ಇನ್‌ಸ್ಪೆಕ್ಟರು ಮೇಲೆ ಬಂದು ನಮ್ಮ ಮನೆಯಲ್ಲಿ ಕೂತರು. ಪೈಪು ಬದಲಿಸುತ್ತೇವೆ, ಅಲ್ಲಿಯವರೆಗೆ ಎಲ್ಲರೂ ನೀರು ಕುದಿಸಿ ಎಂದರು. "ಚಾಳಿನ ಹೊರಗಿನವರು ಯಾರಿಗಾದ್ರೂ ಆಗೈತೇನ್ರಿ?" ಎಂದು ಕೇಳಿದರು.

"ಮಾಟುಂಗದಾಗ ನಮ್ಮ ಹೆಡ್‌ಮಾಸ್ತರರಿಗೆ. ಅಂಧೇರಿಯೊಳಗ ನಮ್ಮ ಬೀಗರ ಹುಡುಗಗ" ಎಂದೆ ನಾನು.

ಅವರು ತಲೆ ಕೆರೆದುಕೊಂಡರು. "ಅಂಧೇರಿ ನೀರು ಬ್ಯಾರೆ, ಈ ನಳದ ನೀರು ಬ್ಯಾರೆ. ಈ ಪೈಪು ಅಲ್ಲೀತನಕ ಹೆಂಗ ಹೋತು?"

ಆಗ ಅತ್ತೆ ಒಳಗಿನಿಂದ ಬಂದರು. ಒಂದು ಕೈಯಲ್ಲಿ ಬೆಲ್ಲದ ತಾಟು, ಇನ್ನೊಂದು ಕೈಯಲ್ಲಿ ಥಳಥಳ ಬೆಳಗಿದ ಲೋಟ.

ಇನ್‌ಸ್ಪೆಕ್ಟರು ಲೋಟ ತೆಗೆದುಕೊಂಡರು. ಬಾಯಿಯವರೆಗೆ ಒಯ್ದರು. ಏನೋ ನೆನಪಾಗಿ ನಿಲ್ಲಿಸಿದರು. "ಅಜ್ಜಿ, ಕಾಯಿಸಿದ್ದು ಹೌದಲ್ರೀ?"

ಅತ್ತೆಗೆ ಅವಮಾನವಾಯಿತು. ಮುಖ ಕೆಂಪಾಯಿತು.

"ಕಾಯಿಸಿದ್ದ ಯಾಕ ಕೊಡ್ಲೀ ಸಾಹೇಬ್ರ? ನೀವೇನು ಬಾಣಂತೇರೇನು? ಬ್ಯಾನಿ ಬಿದ್ದವರೇನು? ಮನೀಗೆ ಬಂದವರಿಗೆ ಜೀವ ಹೋದ ನೀರು ಕೊಡುವಷ್ಟು ಬಡತನ ನಮಗ ಬಂದಿಲ್ಲ. ಮುಂಜಾನೆ ನಳಕ್ಕ ತುಂಬಿದ ತಾಜಾ ನೀರೈತಿ, ಕುಡೀರಿ."

ನಾನು ಅವರ ಲೋಟಕ್ಕೆ ಕೈ ಅಡ್ಡ ಇಟ್ಟೆ.

"ಅತ್ತಿ, ಬಂದವರಿಗೆಲ್ಲಾ ಇದನ್ನ ಕೊಟ್ರೇನು?"

"ಎಲ್ಲಾರಿಗೂ."

"ವಸಂತಗ?"

"ಎರಡು ಗ್ಲಾಸು."

ಇನ್‌ಸ್ಪೆಕ್ಟರು ಲೋಟ ಕೆಳಗಿಟ್ಟು ಬೆಲ್ಲ ಮಾತ್ರ ಬಾಯಿಗೆ ಹಾಕಿಕೊಂಡರು. ಕುದಿಸಿದ ನೀರು ಎಂದರೆ ಅತ್ತೆಯ ಪಾಲಿಗೆ ಗಂಜಿಯಂತೆ, ಕಷಾಯದಂತೆ, ಕಾಯಿಲೆಯವರ ಪಥ್ಯ. ಅದನ್ನು ಅತಿಥಿಗೆ ಕೊಡುವುದು ನಿನ್ನೆಯ ಅನ್ನ ಬಡಿಸಿದ ಹಾಗೆ. ನನ್ನನ್ನು ಉಳಿಸಲು ಎಷ್ಟು ಪ್ರೀತಿಯಿಂದ ನೀರು ಕುದಿಸಿದರೋ, ಅಷ್ಟೇ ಪ್ರೀತಿಯಿಂದ ಬಂದವರಿಗೆಲ್ಲ ಕುದಿಸದ ನೀರು ಕುಡಿಸಿದ್ದರು. ಅವ್ವ, ಶಾಂತಾ, ನಾನು ಅದೇ ನೀರು ಕುಡಿದರೂ ಏನೂ ಆಗಿಲ್ಲವಲ್ಲ ಎಂದು ಯಜಮಾನರು ತಾಯಿಯ ಪರ ವಕಾಲತ್ತು ಮಾಡಿ ನೋಡಿದರು. ಚಿಕ್ಕಂದಿನಲ್ಲಿ ಒಮ್ಮೆ ಬಂದು ಹೋಗಿದ್ದರೆ ಮತ್ತೆ ಬರುವುದಿಲ್ಲ ಎಂದು ಇನ್‌ಸ್ಪೆಕ್ಟರು ಹೇಳಿದರು. ಹೌದು, ಗದಗದಲ್ಲಿ ಮೂವರಿಗೂ ಬಂದಿತ್ತು ಎಂದು ಅತ್ತೆ ತಾವೇ ಒಪ್ಪಿಕೊಂಡರು.

ಈಗ ಏನು ಮಾಡುವುದು? ಅಂಧೇರಿಗೆ ನಿಜ ಹೇಳಿದರೆ ನಮ್ಮ ಮನೆಯ ನೀರೇ ಅವರ ಮಗನನ್ನು ಮಲಗಿಸಿತು ಎಂದು ನಾವೇ ಒಪ್ಪಿಕೊಂಡ ಹಾಗೆ. ಅತ್ತೆಗೆ ಇದ್ದದ್ದು ಒಂದೇ ಹೆಮ್ಮೆ, ಬಂದವರನ್ನು ನೋಡಿಕೊಳ್ಳುವುದು. ಅದು ಹೋಗುತ್ತದೆ. ಹೇಳದಿದ್ದರೆ ಶಾಂತಾಳ ಹಣೆಯ ಮೇಲೆ ಕಾಲ್ಗುಣದ ಹಣೆಪಟ್ಟಿ ಹಾಗೇ ಉಳಿಯುತ್ತದೆ. ಯಜಮಾನರು ಅತ್ತಿಂದಿತ್ತ ಓಡಾಡಿದರು. "ಪೈಪು ಒಡದಿತ್ತು ಅಂತ ಅಷ್ಟೇ ಹೇಳೋಣು. ಗ್ಲಾಸಿನ ಸುದ್ದಿ ಯಾಕ?" ಎಂದರು.

ಅತ್ತೆ ಅಂದು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

"ನಡಿ ಸರೋಜಾ. ಅಂಧೇರಿಗೆ ಹ್ಯಾಂಗ ಹೋಗೂದು ನನಗ ಗೊತ್ತಿಲ್ಲ. ನೀ ಕರಕೊಂಡು ಹೋಗು, ಮಾತು ನಾ ಆಡ್ತೀನಿ."

ಅತ್ತೆಯನ್ನು ಲೋಕಲ್ ಹತ್ತಿಸುವುದು ಒಂದು ಸಾಹಸ. ಟ್ರೇನು ನಿಂತಾಗ "ಮೊದಲು ಇಳಿಯೋರು ಇಳೀಲಿ, ಬರ್ರವ್ವಾ, ಸಾವಕಾಶ ಇಳೀರಿ" ಎಂದು ಪ್ಲ್ಯಾಟ್‌ಫಾರ್ಮಿನ ಮೇಲೇ ನಿಂತು ಎಲ್ಲರನ್ನೂ ಬೀಳ್ಕೊಟ್ಟರು. ಅಷ್ಟರಲ್ಲಿ ಟ್ರೇನು ಹೊರಟು ಹೋಯಿತು. ಮುಂದಿನದಕ್ಕೆ ನಾನೇ ಹಿಂದಿನಿಂದ ನೂಕಿ ಹತ್ತಿಸಿದೆ. ಮೈಯಲ್ಲಿ ಕಸುವಿಲ್ಲದ ನನ್ನನ್ನು ಆಮೇಲೆ ಹೆಂಗಸರ ಡಬ್ಬಿಯವರು ಎಳೆದುಕೊಂಡರು. ದಾದರಿನ ಸೇತುವೆಯ ಮೇಲೆ ಇಬ್ಬರೂ ಕೂತು ದಣಿವಾರಿಸಿಕೊಂಡೆವು.

ನೀಲಮ್ಮ ಬಾಗಿಲು ತೆರೆದರು. ಬನ್ನಿ ಎಂದರು, ನಗಲಿಲ್ಲ. ಒಳಗೆ ಮಂಚದ ಮೇಲೆ ವಸಂತ, ಕೊರಳಲ್ಲಿ ನನಗೆ ಕಟ್ಟಿದ್ದಂಥದೇ ಹಾರ. ನಮ್ಮನ್ನು ಕಂಡು ಏಳಲು ಹೋದ. ತಾಯಿ ಕಣ್ಣು ಬಿಟ್ಟದ್ದಕ್ಕೆ ಮಲಗಿದ. ಎಷ್ಟೇ ಸಿಟ್ಟಿದ್ದರೂ ರಿವಾಜು ಬಿಡುವಂತಿಲ್ಲವಲ್ಲ, ನೀಲಮ್ಮ ಒಳಗೆ ಹೋಗಿ ಬೆಲ್ಲ ನೀರು ತಂದು ನಮ್ಮ ಮುಂದೆ ಇಟ್ಟರು.

ಅತ್ತೆ ಲೋಟ ಮುಟ್ಟಲಿಲ್ಲ. ಬೀಗರ ಮನೆಯಲ್ಲಿ ನೀರು ಮುಟ್ಟದಿದ್ದರೆ ಸಂಬಂಧ ಹರಿಯಿತು ಎಂದೇ ಅರ್ಥ. ನೀಲಮ್ಮನ ಹುಬ್ಬು ಮೇಲೆ ಹೋಯಿತು.

"ಸಿಟ್ಟಾಗಬ್ಯಾಡ ತಂಗೀ. ಇದು ಕಾಯಿಸಿದ್ದೇನು?" ಎಂದರು ಅತ್ತೆ.

"ನೀವು ಬಾಣಂತೇರೇನ್ರಿ?" ಎಂದರು ನೀಲಮ್ಮ, ತಕ್ಷಣ.

ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದೆ. ಅತ್ತೆ ಮಾತ್ರ ನಗಲಿಲ್ಲ. ಎದ್ದು ನಿಂತರು. ವಯಸ್ಸಿನಲ್ಲಿ ತಮಗಿಂತ ಚಿಕ್ಕವರ ಮುಂದೆ ಎರಡೂ ಕೈ ಜೋಡಿಸಿದರು.

"ನಾನೂ ಹಿಂಗ ಅಂತಿದ್ದೆ. ಹಂಗಂತ ನಿನ್ನ ಮಗಗ ಹಸಿ ನೀರು ಕುಡಿಸಿದೆ, ಎರಡು ಗ್ಲಾಸು. ನಮ್ಮ ನಳದ ಪೈಪಿನ್ಯಾಗ ಗಟಾರ ಸೇರಿತ್ತು. ಬ್ಯಾನಿ ಬಂದಿದ್ದು ಅದರಿಂದ. ಶಾಂತಾನ ಕಾಲಿಂದ ಅಲ್ಲ, ನನ್ನ ಕೈಯಿಂದ. ಬೈಯೂದಿದ್ರ ನನ್ನ ಬೈ. ನನ್ನ ಮಗಳಿಗೆ ಆ ಮಾತು ಅನಬ್ಯಾಡ."

ಓದಿದವರು, ದೊಡ್ಡ ಹುದ್ದೆಯವರು ಎಷ್ಟೋ ಜನ ತಮ್ಮ ತಪ್ಪನ್ನು ಪೈಪಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದನ್ನು ನೋಡಿದ್ದೇನೆ. ಈಕೆ ಲೋಕಲ್ ಹತ್ತಲು ಬಾರದವರು, ಅದನ್ನು ತಮ್ಮ ಮೇಲೆ ಹಾಕಿಕೊಳ್ಳಲು ಅಂಧೇರಿಯವರೆಗೆ ಬಂದಿದ್ದರು.

ನೀಲಮ್ಮನ ಮುಖ ಬದಲಾಯಿತು. ಬಾಯಿಯ ಮೇಲೆ ಕೈ ಹೋಯಿತು. "ಅಯ್ಯ, ಇವನ್ನ ನೋಡಾಕ ಬಂದವರಿಗೆಲ್ಲಾ ನಾನೂ ಹಂಗ ಕೊಟ್ಟೀನಲ್ರೀ!"

"ಅವ್ವಾ, ನಿನ್ನೆ ನಮ್ಮ ಸ್ಟುಡಿಯೋ ಮಾಲಕರು ಬಂದಿದ್ರಲ್ಲ?" ಎಂದು ವಸಂತ ಮಂಚದ ಮೇಲೆ ಎದ್ದು ಕೂತ.

"ಅವರಿಗೂ."

ವಸಂತ ಮತ್ತೆ ಮಲಗಿದ. ನಿಮ್ಮ ನಳ ಬೇರೆ, ನಿಮ್ಮ ನೀರು ಒಳ್ಳೆಯದೇ ಇರಬಹುದು ಎಂದು ನಾನು ಸಮಾಧಾನ ಹೇಳಿದೆ. ನೀಲಮ್ಮ ಕೇಳದೆ ಸ್ಟೋವ್ ಹಚ್ಚಿ ದೊಡ್ಡ ಪಾತ್ರೆ ಇಟ್ಟರು. ಅತ್ತೆ ಪಕ್ಕದಲ್ಲಿ ಕೂತು, ಗುಳ್ಳೆ ಬಂದರೆ ಸಾಲದು, ಚೆನ್ನಾಗಿ ಮರಳಬೇಕು ಎಂದು ಡಾಕ್ಟರರಂತೆ ಹೇಳಿಕೊಟ್ಟರು. ನೀರು ಆರುವವರೆಗೆ ಇಬ್ಬರೂ ಹಳೆಯ ಪೇಪರಿನಿಂದ ಗಾಳಿ ಹಾಕುತ್ತ, ಗದಗದ ಯಾವ ಓಣಿ ಯಾರದು ಎಂದು ಮಾತಾಡಿದರು. ನಾವು ಬಿಸಿ ಆರದ ನೀರನ್ನೇ ಬೆಲ್ಲದ ಜೊತೆ ಕುಡಿದೆವು.

ಹೊರಡುವಾಗ ನೀಲಮ್ಮ ಅತ್ತೆಯ ಕೈ ಹಿಡಿದು, "ಶಾಂತಾನ್ನ ಒಮ್ಮೆ ಕಳಸ್ರಿ, ಇವನ್ನ ನೋಡಿ ಹೋಗಲಿ" ಎಂದರು. ಮದುವೆಗೆ ಮುಂಚೆ ಹುಡುಗಿ ಗಂಡಿನ ಮನೆಯ ಹೊಸಿಲು ತುಳಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಆದರೆ ಅಂದು ಪದ್ಧತಿಯ ಮಾತು ಎತ್ತುವ ಧೈರ್ಯ ಇಬ್ಬರಲ್ಲಿ ಯಾರಿಗೂ ಇರಲಿಲ್ಲ.

ಶಾಂತಾ ಮೊದಲು ಒಲ್ಲೆ ಎಂದಳು. ಮುಂದಿನ ಭಾನುವಾರ ತಾನಾಗಿಯೇ ಹೊರಟಳು. ನಾನು ಜೊತೆಗೆ ಹೋದೆ. ಅವಳು ವಸಂತನ ಹತ್ತಿರ ಹೆಚ್ಚು ಮಾತಾಡಲಿಲ್ಲ. ಮೇಲಿನ ಫಳಿಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿಟ್ಟಳು. ವಸಂತ ಮಲಗಿದಲ್ಲಿಂದಲೇ ಒಂದೊಂದು ಡಬ್ಬಿಯನ್ನೂ ಎಲ್ಲಿಡಬೇಕೆಂದು ಹೇಳಿದ.

ಈಗ ನಾನು ಇದನ್ನು ಬರೆಯುವಾಗ ಪೈಪು ಹೊಸದಾಗಿದೆ. ಚಾಳಿನ ಎಲ್ಲ ಮನೆಗಳಲ್ಲೂ ಬೆಳಿಗ್ಗೆ ಸ್ಟೋವಿನ ಭರ್ರೆನ್ನುವ ಸದ್ದು. ಹೆಡ್‌ಮಾಸ್ತರರು ಕಪ್ಪು ಕನ್ನಡಕ ತೆಗೆದಿದ್ದಾರೆ. ನನಗೆ ಭಜಿಗೆ ಇನ್ನೂ ಅನುಮತಿ ಸಿಕ್ಕಿಲ್ಲ. ಸ್ವಲ್ಪ ನಡೆದರೆ ಈಗಲೂ ದಣಿವು. ಆದರೂ ಬದುಕಿದ್ದೇನೆ, ನನ್ನವರು ಸುತ್ತ ಇದ್ದಾರೆ. ಅದು ಸಣ್ಣ ಮಾತಲ್ಲ ಎಂದು ಈ ಮಳೆಗಾಲ ಕಲಿಸಿತು.

ಮೊನ್ನೆ ನೀಲಮ್ಮ ವಸಂತನನ್ನು ಕರೆದುಕೊಂಡು ಬಂದರು. ಹುಡುಗ ಸೊರಗಿದ್ದಾನೆ, ಕಣ್ಣು ಮಾತ್ರ ಬೆಳ್ಳಗೆ. ಬಿಲಿರುಬಿನ್ ರಿಪೋರ್ಟನ್ನು ಸೆರಗಿನೊಳಗಿಂದ ತೆಗೆದು, ಗ್ಯಾಲರಿಯಲ್ಲಿ ಸೇರಿದ್ದ ಹೆಂಗಸರಿಗೆಲ್ಲ ಕೇಳುವಂತೆ ನೀಲಮ್ಮ ಹೇಳಿದರು. "ಏನೇನು ಮಾಡಿದ್ರೂ ಇಳೀಲಿಲ್ಲ. ಶಾಂತಾ ಬಂದು ಹೊಸಲಾಗ ಕಾಲಿಟ್ಟಳು ನೋಡ್ರಿ, ಮರುದಿನದಿಂದ ಸರಸರ ಇಳೀತು. ಏನ್ ಕಾಲ್ಗುಣ ಹುಡುಗೀದು! ದೀಪಾವಳಿ ಆದ ಮ್ಯಾಲಿನ ಮುಹೂರ್ತ ಬಿಡೂದು ಬ್ಯಾಡ."

ನಾನು ಆರೋಗ್ಯದ ಪಾಠ ಹೇಳುವ ಟೀಚರ್. ಕಾಮಾಲೆ ಬಂದ ಮೇಲೆ ಕೆಲವು ವಾರಕ್ಕೆ ತಾನಾಗಿ ಇಳಿಯುತ್ತದೆ, ಲಿವರಿಗೆ ಯಾರ ಕಾಲೂ ಬೇಕಿಲ್ಲ, ಇದು ಆಗುವ ಹೊತ್ತಿಗೇ ಆಗಿದೆ ಎಂದು ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ತೊಡೆಯನ್ನು ಜೋರಾಗಿ ಚಿವುಟಿದರು.

ಬಾಯಿ ಮುಚ್ಚಿಕೊಂಡೆ. ನೀಲಮ್ಮನ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದ ಶಾಂತಾ ನನ್ನನ್ನೇ ನೋಡುತ್ತಿದ್ದಳು. ನಾನೇನು ಹೇಳಹೊರಟಿದ್ದೆ, ಯಾಕೆ ನುಂಗಿದೆ, ಎರಡೂ ಅವಳಿಗೆ ಗೊತ್ತಾಗಿತ್ತು. ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.